ಅಕ್ಕನ ತೂಕ

ಔಷಧಿ ಅಂಗಡಿಯ ಕ್ಯಾಪ್ಟನ್‌ಗೆ ಒಂದು ಪಟ್ಟು ಇತ್ತು. ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಯಾರೇ ಬರಲಿ, ಡಾಕ್ಟರ ಚೀಟಿ ಎಷ್ಟೇ ಸ್ಪಷ್ಟವಾಗಿರಲಿ, ಸಿರಪ್ಪಿನ ಬಾಟಲಿ ಕೈಗೆ ಕೊಡುವ ಮುಂಚೆ "ಮಗು ತೂಕ ಎಷ್ಟಮ್ಮಾ?" ಎಂದು ಕೇಳಿಯೇ ಕೇಳುತ್ತಿದ್ದ. ಗೊತ್ತಿಲ್ಲ ಅಂದರೆ ಅಂಗಡಿ ಬಾಗಿಲಲ್ಲಿದ್ದ ತೂಕದ ಯಂತ್ರದ ಮೇಲೆ ತಾಯಿಯನ್ನು ಮಗು ಸಮೇತ ನಿಲ್ಲಿಸಿ, ಆಮೇಲೆ ತಾಯಿಯೊಬ್ಬಳನ್ನೇ ನಿಲ್ಲಿಸಿ, ಕಳೆದು ಲೆಕ್ಕ ಹಾಕುತ್ತಿದ್ದ. "ಅಂದಾಜಿನ ಮೇಲೆ ಔಷಧಿ ಕೊಡೋದು ನನ್ನ ಜಾಯಮಾನದಲ್ಲೇ ಇಲ್ಲ" ಎನ್ನುತ್ತಿದ್ದ. ಇಂಥ ಮನುಷ್ಯ ವಿಮಾನಕ್ಕೆ ಜನ ಹತ್ತಿಸುವಾಗ ಮಾತ್ರ ಅಂದಾಜಿನ ಮೇಲೇ ಹತ್ತಿಸಿದ. ಏನು ಹೇಳೋಣ!

ಕ್ಯಾಪ್ಟನ್ ಅಂದರೆ ದೊಡ್ಡ ವಿಮಾನಗಳನ್ನು ಓಡಿಸುವ, ತೋಳಿಗೆ ಪಟ್ಟಿ ಹಾಕಿಕೊಳ್ಳುವ ಕ್ಯಾಪ್ಟನ್ ಅಲ್ಲ. ಊರಾಚೆಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹವ್ಯಾಸಕ್ಕೆ ಕಲಿತು ಲೈಸೆನ್ಸ್ ತೆಗೆದುಕೊಂಡವನು. ಅವತ್ತಿನಿಂದ ಬೀದಿಯವರೆಲ್ಲ ತಮಾಷೆಗೆ ಕ್ಯಾಪ್ಟನ್ ಅಂದರು, ಇವನು ಅದನ್ನು ನಿಜವೆಂದೇ ನಂಬಿ ಓಗೊಟ್ಟ. ವಾರವೆಲ್ಲ ಕೆಮ್ಮು ನೆಗಡಿಯವರ ಸಹವಾಸ, ಭಾನುವಾರ ಬಂತೆಂದರೆ ಕ್ಲಬ್ಬಿನ ನಾಲ್ಕು ಸೀಟಿನ ಪುಟ್ಟ ವಿಮಾನ. ಸೀಟು ನಾಲ್ಕಿದೆ ಎಂದ ಮಾತ್ರಕ್ಕೆ ನಾಲ್ವರು ಕೂತು, ಟ್ಯಾಂಕು ತುಂಬಿಸಿ ಹಾರಿಬಿಡಬಹುದು ಎಂದುಕೊಳ್ಳಬೇಡಿ. ಚಾಲಕನದೂ ಸೇರಿಸಿ ಕೂತವರೆಲ್ಲರ ತೂಕ, ಇಂಧನದ ತೂಕ, ಚೀಲಗಳ ತೂಕ ಬರೆದು ಕೂಡಿಸಬೇಕು. ವಿಮಾನದ ಮಿತಿಗಿಂತ ಹೆಚ್ಚಾದರೆ ಒಬ್ಬರನ್ನು ಇಳಿಸಬೇಕು, ಇಲ್ಲವೇ ಟ್ಯಾಂಕಿನಿಂದ ಇಂಧನ ತೆಗೆಸಬೇಕು. ಇದು ಕ್ಲಬ್ಬಿನಲ್ಲಿ ಮೊದಲನೇ ದಿನವೇ ಕಲಿಸುವ ಪಾಠ.

ಆ ಭಾನುವಾರ ಬಂದವರು ಅಕ್ಕ, ಭಾವ, ಜೊತೆಗೆ ಭಾವನ ತಂಗಿ. ಅಕ್ಕ ಅಂದರೆ ಕ್ಯಾಪ್ಟನ್‌ಗೆ ಒಬ್ಬಳೇ ಅಕ್ಕ, ಬಸ್ ನಿಲ್ದಾಣದ ಹಿಂದೆ ಲಾಂಡ್ರಿ ನಡೆಸುವವಳು. ಆಳೆತ್ತರ, ಆಳಗಲ, ಅದಕ್ಕೆ ತಕ್ಕ ಗಂಟಲು. ಆಸ್ಪತ್ರೆಯ ಹಾಸುಬಟ್ಟೆಗಳ ದೊಡ್ಡ ಗಂಟನ್ನು ಒಂದೇ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಒಗೆಯುತ್ತಿದ್ದಳು. ತಮ್ಮ ವಿಮಾನ ಕಲಿಯುತ್ತೇನೆ ಅಂದಾಗ ಮನೆಯವರೆಲ್ಲ "ಇವನಿಗೇನು ತಲೆ ಕೆಟ್ಟಿದೆಯಾ" ಅಂದರೆ, ಇವಳೊಬ್ಬಳೇ "ಹಾರ್ಲಿ ಬಿಡ್ರೀ, ನೆಲದ ಮೇಲೆ ಇದ್ದು ಇವನು ಕಡಿದು ಕಟ್ಟೆ ಹಾಕಿದ್ದು ಅಷ್ಟರಲ್ಲೇ ಇದೆ" ಎಂದು ನಕ್ಕು ಬಾಯಿ ಮುಚ್ಚಿಸಿದ್ದಳು.

ಬಿಸಿಲು ರಣಗುಡುತ್ತಿತ್ತು. ಬಿಸಿ ಗಾಳಿಯಲ್ಲಿ ಸಣ್ಣ ವಿಮಾನ ಏಳಲು ಒದ್ದಾಡುತ್ತದೆ ಎಂಬುದು ಕ್ಯಾಪ್ಟನ್‌ಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ದಿನ ಹಾರಿದವರು ಟ್ಯಾಂಕು ಭರ್ತಿ ಮಾಡಿಟ್ಟಿದ್ದರು, ತೆಗೆಸಲು ಹೋದರೆ ಅರ್ಧ ಗಂಟೆ ಹಿಡಿಯುತ್ತದೆ. ಭಾವನ ತಂಗಿ ಆಗಲೇ ಕೈಗಡಿಯಾರ ನೋಡುತ್ತಿದ್ದಳು. ಕ್ಯಾಪ್ಟನ್ ತೂಕದ ಹಾಳೆ ತೆಗೆದ. ತನ್ನದು ಅರವತ್ತೆಂಟು ಎಂದು ಬರೆದ, ಲೈಸೆನ್ಸ್ ತೆಗೆದುಕೊಂಡ ಕಾಲದಿಂದ ಅದನ್ನೇ ಬರೆಯುತ್ತಿದ್ದ. ಭಾವನಿಗೂ ಅವರ ತಂಗಿಗೂ ಕಣ್ಣಳತೆಯಲ್ಲಿ ಒಂದೊಂದು ಸಂಖ್ಯೆ ಹಾಕಿದ. ಅಕ್ಕನ ಹತ್ತಿರ ಬಂದಾಗ ಪೆನ್ನು ನಿಂತಿತು. ಬೀಗರ ಎದುರು ಅಕ್ಕನ ತೂಕ ಕೇಳುವುದೇ? ಛೆ, ಛೆ. ಎಪ್ಪತ್ತು ಎಂದು ಬರೆದು, ಕೂಡಿಸಿ, ಸಹಿ ಹಾಕಿ, "ನಡೀರಿ, ಹತ್ತಿ ಹತ್ತಿ" ಎಂದ.

ವಿಮಾನ ಓಡಿತು, ಓಡಿತು, ಓಡುತ್ತಲೇ ಇತ್ತು. ಹುಲ್ಲಿನ ರನ್‌ವೇ ಮುಗಿಯುತ್ತ ಬಂದು, ಆ ತುದಿಯ ತಂತಿಬೇಲಿ, ಅದಕ್ಕೆ ಹಬ್ಬಿದ ಪೊದೆ ಎದುರಿಗೆ ದೊಡ್ಡದಾಗುತ್ತ ಬಂತು. ನಿಲ್ಲಿಸಲು ಜಾಗವಿರಲಿಲ್ಲ. ಕ್ಯಾಪ್ಟನ್ ಎರಡೂ ಕೈಯಲ್ಲಿ ಚುಕ್ಕಾಣಿ ಎಳೆದ. ಕೆಳಗೆ ಪರ್ರನೆ ಏನೋ ಹರಿದ ಸದ್ದು, ಒಂದು ಕುಲುಕು, ಆಮೇಲೆ ಆಕಾಶ. ಊರಿನ ಮೇಲೆ ಒಂದು ಸುತ್ತು ಹಾಕಿ ಇಳಿಸಿದ.

ಇಳಿದ ಮೇಲೆ ಮಿಡತೆ ಬಂದ. ಹೊಲಗಳ ಮೇಲೆ ವಿಮಾನದಲ್ಲಿ ಔಷಧಿ ಸಿಂಪಡಿಸುವುದು ಅವನ ಕಸುಬು, ನೆಲಕ್ಕೆ ಮೂಗು ತಾಗಿಸಿಕೊಂಡು ಹಾರುವವನಾದ್ದರಿಂದ ಆ ಅಡ್ಡಹೆಸರು. ಬಗ್ಗಿ ಚಕ್ರದ ಸಂದಿನಿಂದ ಎಲೆ ಸಮೇತ ಒಂದು ರೆಂಬೆ ಎಳೆದು ಮೇಲೆತ್ತಿ ಹಿಡಿದ. "ಏನಪ್ಪಾ ಕ್ಯಾಪ್ಟನ್, ಸೊಪ್ಪು ತರೋಕೆ ಹೋಗಿದ್ಯಾ?"

ಆ ಗಳಿಗೆಯಲ್ಲಿ "ಲೆಕ್ಕ ತಪ್ಪಿತು" ಎಂದಿದ್ದರೆ ಮುಗಿದಿತ್ತು. ಆದರೆ ಸುತ್ತ ಕ್ಲಬ್ಬಿನವರೆಲ್ಲ ನೆರೆದಿದ್ದರು, ಬೀಗರು ನಿಂತಿದ್ದರು. ಕ್ಯಾಪ್ಟನ್ ಕಣ್ಣಲ್ಲೇ ಅಕ್ಕನನ್ನು ತೋರಿಸಿ, "ನಮ್ಮಕ್ಕ ಕೂತಿದ್ದಾಳಲ್ಲಪ್ಪ, ಎದ್ದಿದ್ದೇ ದೊಡ್ಡದು!" ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆ ಕ್ಲಬ್ಬಿನ ಪದ್ಧತಿಯೇ ಹಾಗೆ. ಅಲ್ಲಿ ಯಾರೂ ತಪ್ಪು ಮಾಡುವುದಿಲ್ಲ, ತಮಾಷೆಗಳು ನಡೆಯುತ್ತವೆ. ಒಮ್ಮೆ ಟೀ ಜೊತೆ ಹೇಳಿ ನಗಿಸಿಬಿಟ್ಟರೆ ಮುಗಿಯಿತು, ಆಮೇಲೆ ಅದು ಕ್ಲಬ್ಬಿನ ಆಸ್ತಿ. ಹಾಗೆ "ಕ್ಯಾಪ್ಟನ್ ಅಕ್ಕ ಕೂತ ಕಥೆ" ಬಾಯಿಂದ ಬಾಯಿಗೆ ಓಡಾಡಿತು, ಓಡಾಡಿದಷ್ಟೂ ಕಥೆಯೊಳಗಿನ ಅಕ್ಕ ಊದಿಕೊಂಡಳು. ಕ್ಯಾಪ್ಟನ್ ತಾನೂ ಹೇಳಿದ, ಕೈ ಅಗಲಿಸಿ ಅಭಿನಯಿಸಿ ಹೇಳಿದ.

ಅಕ್ಕನಲ್ಲಿ ಏನೋ ಬದಲಾಗಿದ್ದನ್ನು ಅವನು ನೋಡಲಿಲ್ಲ ಎನ್ನುವಂತಿಲ್ಲ, ನೋಡಿದ. ಊಟಕ್ಕೆ ಕರೆದರೆ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಳು. ಭಾವನ ಕಾರಿನಲ್ಲಿ ಮುಂದೆ ಕೂರುತ್ತಿದ್ದವಳು ಹಿಂದೆ, ಸರಿಯಾಗಿ ನಡುವೆ ಕೂರತೊಡಗಿದಳು. ಒಂದು ದಿನ ಆಸ್ಪತ್ರೆಗೆ ಬಟ್ಟೆ ಕೊಡಲು ಅವಳ ಜೊತೆ ಹೋಗಿದ್ದಾಗ ಲಿಫ್ಟಿನಲ್ಲಿ ಇನ್ನೂ ಜಾಗವಿದ್ದರೂ ಅಕ್ಕ ಹತ್ತಲಿಲ್ಲ. "ನೀವು ಹೋಗಿ, ನಾನು ಖಾಲಿದು ಬಂದಾಗ ಬರ್ತೀನಿ" ಎಂದು ಅಪರಿಚಿತರಿಗೆ ಕೈಬೀಸಿದಳು. ಆಗ ಕ್ಯಾಪ್ಟನ್‌ಗೆ ಎದೆಯಲ್ಲಿ ಚುರುಕ್ ಎಂದಿತು. ಮಾತಾಡೋಣ ಎಂದುಕೊಂಡ. ನಾಳೆ ಮಾತಾಡೋಣ ಎಂದುಕೊಂಡ.

ಅಷ್ಟರಲ್ಲಿ ಸರ್ವೆ ಮೇಡಂ ಬಂದರು. ಕಂಪನಿಗಳ ವಿಮಾನ ಬಿಟ್ಟು, ಸ್ವಂತಕ್ಕೆ ಹಾರುವವರು, ಔಷಧಿ ಸಿಂಪಡಿಸುವವರು, ಎಂಜಿನ್ನಿಲ್ಲದ ಗ್ಲೈಡರ್ ಎಳೆಯುವವರು ಇಂಥವರೆಲ್ಲ ಸುರಕ್ಷತೆಯ ಬಗ್ಗೆ ಏನು ಮಾಡುತ್ತಾರೆ, ಏನು ಬಿಡುತ್ತಾರೆ ಎಂದು ಕೇಳಿ ತಿಳಿಯುವುದು ಅವರ ಕೆಲಸ. ಕ್ಲಬ್ಬಿನ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಒಬ್ಬೊಬ್ಬರನ್ನೇ ಕರೆದರು. ಹೆಸರು ಬರೆಯುವುದಿಲ್ಲ, ಯಾರ ಲೈಸೆನ್ಸಿಗೂ ತೊಂದರೆಯಿಲ್ಲ ಎಂದು ಮೊದಲೇ ಹೇಳಿದರು. ಆದರೂ ನಮ್ಮವರು ಬಾಯಿ ಬಿಡಬೇಕಲ್ಲ! "ಯಾವತ್ತಾದ್ರೂ ಅಪಾಯಕ್ಕೆ ಸಿಕ್ಕಿದ್ದೀರಾ?" ಅಂದರೆ, "ನಾನಲ್ಲ ಮೇಡಂ, ನನಗೆ ಗೊತ್ತಿರೋ ಒಬ್ಬ ಸಿಕ್ಕಿದ್ದ" ಎಂಬುದೇ ಎಲ್ಲರ ಉತ್ತರ. ಮೇಡಂ ಟೀ ಕುಡಿಯುತ್ತ ಕಾರ್ಯದರ್ಶಿಯ ಹತ್ತಿರ, "ಇಷ್ಟು ಕ್ಲಬ್ ಸುತ್ತಿದ್ದೀನಿ ಸರ್, ತಪ್ಪು ಮಾಡಿದವರು ಒಬ್ಬರೂ ಸಿಕ್ಕಿಲ್ಲ. ಬರೀ ಅವರ ಸ್ನೇಹಿತರೇ ಸಿಗ್ತಾರೆ" ಎಂದರು.

ಕ್ಯಾಪ್ಟನ್‌ನ ಸರದಿ ಬಂತು. ಪ್ರಶ್ನೆಗಳಿಗೆಲ್ಲ ನೀರು ಕುಡಿದಂತೆ ಉತ್ತರ ಹೇಳಿದ.

"ಪ್ರಯಾಣಿಕರ ತೂಕ ಹೇಗೆ ತಿಳ್ಕೋತೀರಿ? ತೂಗ್ತೀರಾ, ಕೇಳ್ತೀರಾ, ನೋಡಿ ಅಂದಾಜು ಮಾಡ್ತೀರಾ?"

"ಅಂದಾಜಾ? ನಾನು ಔಷಧಿ ಅಂಗಡಿಯವನು ಮೇಡಂ. ಅಂದಾಜು ನನ್ನ ಜಾಯಮಾನದಲ್ಲೇ ಇಲ್ಲ. ಕೇಳ್ತೀನಿ."

"ಆದ್ರೆ ಇಲ್ಲಿ ಬೇಲಿಗೆ ಚಕ್ರ ತಾಗಿದ್ದು ಅಂತ ಒಂದು ಕಥೆ ಕೇಳ್ದೆ. ನಿಮ್ಮಕ್ಕ ಅಂತೆ..." ಮೇಡಂ ನಗಲಿಲ್ಲ. ಆ ಕಥೆ ಕೇಳಿ ನಗದವರನ್ನು ಕ್ಯಾಪ್ಟನ್ ನೋಡಿದ್ದು ಅದೇ ಮೊದಲು. "ಅವತ್ತೂ ಕೇಳಿದ್ರಾ?"

"ಕೇಳ್ದೆ."

"ಎಷ್ಟು ಅಂದ್ರು?"

"ಎಪ್ಪತ್ತು ಅಂದ್ಲು." ನಾಲಿಗೆ ಎಲ್ಲಿಯೂ ತೊಡರಲಿಲ್ಲ. ಅದೇ ಅವನಿಗೆ ಆಮೇಲೆ ಹೆಚ್ಚು ನಾಚಿಕೆ ತಂದದ್ದು.

ಮೇಡಂ ತಲೆಯಾಡಿಸಿದರು. "ಪ್ರಯಾಣಿಕರನ್ನೂ ಒಂದಿಷ್ಟು ಜನನ್ನ ಮಾತಾಡಿಸ್ತಿದ್ದೀನಿ. ನಿಮ್ಮಕ್ಕನ್ನ ನೋಡಬಹುದಾ?"

ಬೇಡ ಎನ್ನಲು ಏನು ಕಾರಣ ಕೊಡುವುದು? ಮೊದಲೇ ಫೋನ್ ಮಾಡಿ ಅಕ್ಕನಿಗೆ ಹೇಳೋಣವೆಂದರೆ ಮೇಡಂ ಪಕ್ಕದಲ್ಲೇ ಇದ್ದಾರೆ, ಅವನದೇ ಕಾರಿನಲ್ಲಿ ಕೂತಿದ್ದಾರೆ. ದಾರಿಯುದ್ದಕ್ಕೂ ಹವೆಯ ವಿಚಾರ ಮಾತಾಡಿದ. ಅಂಗಿಯ ಬೆನ್ನು ಸೀಟಿಗೆ ಅಂಟಿಕೊಂಡಿತ್ತು.

ಲಾಂಡ್ರಿಯಲ್ಲಿ ಆವಿ ತುಂಬಿತ್ತು. ಅಕ್ಕ ಉದ್ದನೆಯ ಇಸ್ತ್ರಿ ಮೇಜಿನ ಹತ್ತಿರ ಒಂದು ಬಿಳಿ ಕೋಟು ಹರಡಿಕೊಂಡು ನಿಂತಿದ್ದಳು. ಮೇಡಂ ಪರಿಚಯ ಹೇಳಿಕೊಂಡು, ವಿಮಾನದ ಮಾತೆತ್ತಿ, "ತೂಕ ಕೇಳಿದಾಗ ನೀವು ಎಪ್ಪತ್ತು ಅಂದ್ರಂತೆ, ಹೌದಾ?" ಎಂದು ಮೆತ್ತಗೆ ಕೇಳಿದರು.

ಅಕ್ಕನ ಇಸ್ತ್ರಿಪೆಟ್ಟಿಗೆ ನಿಂತಿತು. ಒಮ್ಮೆ, ಒಂದೇ ಒಂದು ಸಲ ತಮ್ಮನ ಮುಖ ನೋಡಿದಳು. ಅವನು ಕೋಟಿನ ಗುಂಡಿ ನೋಡುತ್ತಿದ್ದ.

"ಹೌದಮ್ಮಾ," ಅಂದಳು ಅಕ್ಕ. "ಪಾಪ, ಅವನು ಕೇಳ್ದ. ನಾನೇ ಕಮ್ಮಿ ಹೇಳ್ದೆ. ಹೆಂಗಸರಲ್ವಾ, ಬೀಗರ ಮುಂದೆ ನಾಚಿಕೆ ಆಯ್ತು." ಇಸ್ತ್ರಿಪೆಟ್ಟಿಗೆ ಮತ್ತೆ ಓಡಿತು. "ತಪ್ಪು ನಂದೇ ಅಂತ ಬರ್ಕೊಳ್ಳಿ."

ಹೇಳಿಕೊಡದೆ, ಕಣ್ಸನ್ನೆ ಮಾಡದೆ, ಬೇಡಿಕೊಳ್ಳದೆ ಸಿಕ್ಕಿತು ಸುಳ್ಳು. ಕ್ಯಾಪ್ಟನ್‌ಗೆ ಮೊದಲು ಅನಿಸಿದ್ದು 'ಅಬ್ಬ, ಬದುಕಿದೆ' ಎಂದೇ. ಅದರ ಬೆನ್ನಿಗೇ ನಾಚಿಕೆ ಏರಿತು. ಕಿವಿಯವರೆಗೆ ಬಿಸಿಯಾಯಿತು. ಅಕ್ಕ ತನ್ನ ತೂಕವನ್ನು ಯಾರಿಗೂ ಎಂದೂ ಮುಚ್ಚಿಟ್ಟವಳಲ್ಲ. ಔಷಧಿಗೆ ಬಂದಾಗೆಲ್ಲ ಅಂಗಡಿಯ ಯಂತ್ರ ಹತ್ತಿ, "ಲೋ ಪುಟ್ಟಾ, ಎಂಬತ್ತಾರಕ್ಕೆ ಬಂದೆ ಕಣೋ, ಸೆಂಚುರಿ ಹೊಡೆದೇ ಹೊಡೀತೀನಿ" ಎಂದು ಗಿರಾಕಿಗಳೆಲ್ಲ ಕೇಳುವಂತೆ ಕೂಗುತ್ತಿದ್ದವಳು. ಅವಳ ತೂಕ ಅವನಿಗೆ ಗೊತ್ತಿತ್ತು! ಗೊತ್ತಿದ್ದೂ ಎಪ್ಪತ್ತು ಬರೆದಿದ್ದ. ನಿಜ ಬರೆದಿದ್ದರೆ ಲೆಕ್ಕ ಮೀರುತ್ತಿತ್ತು, ಇಂಧನ ತೆಗೆಸಬೇಕಾಗುತ್ತಿತ್ತು, ಬೀಗರು ಕಾಯಬೇಕಾಗುತ್ತಿತ್ತು. ಸಂಕೋಚ ಅಂತೆ, ಮರ್ಯಾದೆ ಅಂತೆ! ಅರ್ಧ ಗಂಟೆ ಉಳಿಸಲು ಅಕ್ಕನನ್ನು ಬೇಲಿಯತ್ತ ಓಡಿಸಿದವನು ತಾನು.

ಮೇಡಂ ಹೋದ ಮೇಲೆ "ಅಕ್ಕಾ..." ಎಂದ. ಅಕ್ಕ ಬಟ್ಟೆಯಿಂದ ತಲೆ ಎತ್ತದೆ, "ಹೊರಗಿನವರ ಮುಂದೆ ನಿನ್ನ ಮಾತು ಕೆಳಗೆ ಹಾಕೋದು ಬೇಡ ಅನ್ನಿಸ್ತು. ಹೋಗು, ಅಂಗಡಿ ತೆಗಿ. ನೀನೇ ಸರಿ ಮಾಡ್ತೀಯ, ಗೊತ್ತು" ಎಂದಳು.

ಸರಿ ಮಾಡಿದನೇ? ಎಲ್ಲಿ ಮಾಡಿದ! ಒಂದು ವಾರ ಅಂಗಡಿಯಲ್ಲಿ ಜನ ಜಾಸ್ತಿ, ಇನ್ನೊಂದು ವಾರ ಮೇಡಂ ಊರಲ್ಲಿಲ್ಲ. ಲಾಂಡ್ರಿಯ ಬೀದಿ ತಪ್ಪಿಸಿ ಸುತ್ತಿ ಬಳಸಿ ಮನೆಗೆ ಹೋಗತೊಡಗಿದ. ತನ್ನ ಅಂಗಿಗಳನ್ನು ತಾನೇ ಇಸ್ತ್ರಿ ಮಾಡಿಕೊಂಡು ಒಂದರ ಕಾಲರು ಸುಟ್ಟುಕೊಂಡ.

ಆಮೇಲೆ ಮೇಡಂ ಕ್ಲಬ್ಬಿಗೆ ಬಂದು ತಾವು ಕಂಡದ್ದನ್ನು ಹೇಳಿದರು. ಯಾರ ಹೆಸರೂ ಎತ್ತಲಿಲ್ಲ. "ಕೇಳಿದ್ರೂ ಪ್ರಯಾಣಿಕರು ತೂಕ ಕಡಿಮೆ ಹೇಳ್ತಾರೆ. ಅದಕ್ಕೆ ಕೇಳೋದು ಬಿಟ್ಟು ತೂಗಿ. ಪೈಲಟ್ ಮೊದಲು, ಆಮೇಲೆ ಮಿಕ್ಕವರು" ಎಂದರು. ಹೆಸರು ಎತ್ತದಿದ್ದರೇನು, ಎಲ್ಲರ ತಲೆಯೂ ಕ್ಯಾಪ್ಟನ್‌ನ ಕಡೆ ತಿರುಗಿತು, ಮಿಡತೆ ಕಣ್ಣು ಹೊಡೆದ. ಯಂತ್ರ ಎಲ್ಲಿಂದ ತರುವುದು ಎಂಬ ಮಾತು ಬಂತು. "ಕ್ಯಾಪ್ಟನ್ ಅಂಗಡಿಯಲ್ಲಿ ಇದೆಯಲ್ಲ!" ಎಂದರು ಕಾರ್ಯದರ್ಶಿ. ಹಾಗೆ ಆ ಯಂತ್ರವನ್ನು ಅವನೇ ಹೊತ್ತು ತಂದು ಶೆಡ್ಡಿನ ಬಾಗಿಲಲ್ಲಿಟ್ಟ. ದೊಡ್ಡ ದುಂಡು ಮುಖದ, ದೂರಕ್ಕೂ ಮುಳ್ಳು ಕಾಣುವ ಹಳೇ ಯಂತ್ರ. ಮರುದಿನ ನೋಡಿದರೆ, ವಿಮಾನಗಳ ಮೇಲೆ ನಂಬರು ಬರೆಯುವ ಕೆಂಪು ಬಣ್ಣದಲ್ಲಿ ಮಿಡತೆ ಅದರ ಹಣೆಗೆ ದಪ್ಪಕ್ಷರದಲ್ಲಿ ಬರೆದಿದ್ದ: ಅಕ್ಕ.

"ಬಾರೋ, ಅಕ್ಕನ ಮೇಲೆ ಹತ್ತು", "ಅಕ್ಕ ಏನಂತಾಳೆ?", "ಅಕ್ಕ ಸುಳ್ಳು ಹೇಳಲ್ಲ ಈಗ!" ಕ್ಲಬ್ಬಿಗೆ ಹಬ್ಬವೋ ಹಬ್ಬ. ಕ್ಯಾಪ್ಟನ್ ಒಂದು ಸಲ ಬಣ್ಣದ ಮೇಲೆ ಉಗುರು ಇಟ್ಟು ಕೆರೆದ. ಒಣಗಿತ್ತು. ಯಾರೋ ಬಂದರೆಂದು ಕೈ ತೆಗೆದು, ಅವರ ಜೊತೆ ನಕ್ಕ.

ಮುಂದಿನ ಭಾನುವಾರ ಸದಸ್ಯರ ಮನೆಯವರನ್ನೆಲ್ಲ ಕರೆದು ಒಂದೊಂದು ಸುತ್ತು ಹಾರಿಸುವ ಕಾರ್ಯಕ್ರಮ. ಹೊಸ ನಿಯಮ ಹೇಗೆ ನಡೆಯುತ್ತದೆಂದು ನೋಡಲು ಮೇಡಂ ಕೂಡ ಬಂದಿದ್ದರು. ಅಕ್ಕನಿಗೆ ಕ್ಯಾಪ್ಟನ್ ಹೇಳಿರಲಿಲ್ಲ. ಆದರೆ ಕಾರ್ಯದರ್ಶಿ ಕ್ಲಬ್ಬಿನ ಮೇಜುಬಟ್ಟೆಗಳನ್ನು ತೊಳೆಯಲು ಕೊಡುತ್ತಿದ್ದುದು ಆ ಲಾಂಡ್ರಿಗೇ, ಬಟ್ಟೆಯ ಜೊತೆ ಸುದ್ದಿಯೂ ಹೋಗಿತ್ತು. ಭಾವನ ಕಾರು ಬಂದು ನಿಂತಾಗ ಕ್ಯಾಪ್ಟನ್‌ನ ಜೀವ ಬಾಯಿಗೆ ಬಂತು. ಹಿಂದಿನ ಸೀಟಿನಿಂದ ಅಕ್ಕ ಇಳಿದಳು, ಸೊರಗಿದ್ದಳು. ನೇರ ಶೆಡ್ಡಿನ ಬಾಗಿಲಿಗೆ ಬಂದವಳು ಕೆಂಪು ಅಕ್ಷರದ ಮುಂದೆ ನಿಂತಳು. ಯಾರೋ ಒಬ್ಬರು ಅವಳು ಯಾರೆಂದು ತಿಳಿಯದೆ, "ಅಕ್ಕನ ಮೇಲೆ ನಿಲ್ಲಿ ಮೇಡಂ, ಸುಳ್ಳು ಹೇಳಂಗಿಲ್ಲ" ಎಂದು ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಕ್ಯಾಪ್ಟನ್‌ಗೆ.

"ಪೈಲಟ್ ಮೊದಲು," ಎಂದರು ಸರ್ವೆ ಮೇಡಂ.

ಕ್ಯಾಪ್ಟನ್ ಹತ್ತಿದ. ದಿನಾ ಆ ಯಂತ್ರದ ಪಕ್ಕದಲ್ಲೇ ಕೂರುವವನು, ಊರ ಮಕ್ಕಳನ್ನೆಲ್ಲ ತೂಗಿದವನು, ತಾನು ಅದರ ಮೇಲೆ ನಿಂತು ಎಷ್ಟು ಕಾಲವಾಗಿತ್ತೋ. ಮುಳ್ಳು ಅರವತ್ತೆಂಟನ್ನು ತಿರುಗಿಯೂ ನೋಡದೆ ಮುಂದೆ ಹೋಯಿತು. ಎಂಬತ್ತು ದಾಟಿ, ತೂಗಾಡಿ, ತೊಂಬತ್ತೊಂದಕ್ಕೆ ಬಂದು ನಿಂತಿತು.

"ಅಲೆಲೆಲೆ!" ಎಂದ ಮಿಡತೆ. "ಕ್ಯಾಪ್ಟನ್, ಹಾಳೆಯಲ್ಲಿ ಯಾವಾಗ್ಲೂ ಅರವತ್ತೆಂಟು ಬರೀತಿದ್ಯಲ್ಲೋ! ಹಂಗಾದ್ರೆ ಬೇಲಿಗೆ ತಾಗಿಸಿದ್ದು ನಿನ್ನ ಹೊಟ್ಟೇನಾ?"

ಶೆಡ್ಡು ಹಾರಿಹೋಗುವಂತೆ ನಗು. ನಗಿಸಿ ತೊಳೆದುಕೊಳ್ಳಲು ಇನ್ನೊಂದು ಅವಕಾಶ, ಕ್ಯಾಪ್ಟನ್‌ನ ತುಟಿ ಆಗಲೇ ನಗುವಿಗೆ ಹೊರಟಿತ್ತು. ಅಕ್ಕ ನಗಲಿಲ್ಲ. ಅವಳ ನಗು ಕೇಳಿಸದ್ದರಿಂದ ಉಳಿದವರ ನಗುವೂ ಒಂದೊಂದಾಗಿ ನಿಂತಿತು.

"ಇಳಿ," ಎಂದಳು. ಅವನು ಇಳಿದ. ಅವಳು ಯಂತ್ರದ ಮೇಲೆ ಹತ್ತಲಿಲ್ಲ, ಎದುರು ನಿಂತಳು. "ಈಗ ಕೇಳು."

"ಏನಕ್ಕಾ?"

"ನನ್ನ ತೂಕ. ಕೇಳ್ದೆ ಅಂತ ಅವರ ಹತ್ರ ಹೇಳಿದ್ಯಲ್ಲ. ಈಗ ಕೇಳು, ಎಲ್ಲರಿಗೂ ಕೇಳೋ ಹಾಗೆ."

"ಅಕ್ಕಾ... ನಿನ್ನ ತೂಕ ಎಷ್ಟು?"

"ಅವತ್ತು ಎಂಬತ್ತಾರು. ಇವತ್ತು ಎಪ್ಪತ್ತೊಂಬತ್ತು." ಅಕ್ಕನ ಸ್ವರದಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. "ಅಷ್ಟೇ ಕಣೋ ಪುಟ್ಟಾ. ಕೇಳಿದ್ರೆ ಅವತ್ತೂ ಹೇಳ್ತಿದ್ದೆ. ಭಾರ ಆಗುತ್ತೆ, ಇಳಿ ಅಂದಿದ್ರೆ ಇಳೀತಿದ್ದೆ. ಕೆಳಗೆ ನಿಂತು ಕೈ ಬೀಸ್ತಿದ್ದೆ."

ಅವನಿಗೆ ಕಣ್ಣು ಮಂಜಾಯಿತು. ತಲೆ ತಗ್ಗಿಸಿಕೊಂಡೇ ಸರ್ವೆ ಮೇಡಂ ಕಡೆ ತಿರುಗಿದ. "ಮೇಡಂ, ನಾನು ಕೇಳ್ಲೇ ಇಲ್ಲ. ಅವಳು ಎಪ್ಪತ್ತು ಅನ್ನಲೂ ಇಲ್ಲ. ನನಗೆ ಗೊತ್ತಿತ್ತು. ಇಂಧನ ತೆಗೆಸೋಕೆ ಸೋಮಾರಿತನ. ಆಮೇಲೆ ನಿಮ್ಮ ಹತ್ರ ಸುಳ್ಳು ಹೇಳ್ದೆ, ಅವಳ ಹತ್ರಾನೂ ಹೇಳಿಸ್ದೆ."

ಯಾರೂ ತಮಾಷೆ ಮಾಡಲಿಲ್ಲ. ಮಿಡತೆ ತನ್ನ ಕೈಯ ಕೆಂಪು ಕಲೆಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದ. ಮೇಡಂ ಪೆನ್ನು ತೆಗೆದು, "ಸ್ನೇಹಿತರಲ್ಲ, ನೀವೇ ಅಂತ ಬರ್ಕೊಳ್ಳಲಾ?" ಎಂದರು.

"ನಾನೇ ಮೇಡಂ."

ಕಾರ್ಯದರ್ಶಿ ಪರಿಸ್ಥಿತಿ ತಿಳಿಮಾಡಲು ಮುಂದೆ ಬಂದು, "ಬನ್ನಿಮ್ಮಾ, ಇವತ್ತು ಮೊದಲನೇ ಸುತ್ತು ನಿಮ್ಮದೇ. ಗಾಳಿ ಚೆನ್ನಾಗಿದೆ, ಟ್ಯಾಂಕೂ ಅರ್ಧವೇ ಇದೆ" ಎಂದರು. ಕ್ಯಾಪ್ಟನ್ ಆಸೆಯಿಂದ ಅಕ್ಕನ ಮುಖ ನೋಡಿದ. ಅವಳು ಹತ್ತಿದರೆ ಎಲ್ಲ ಸರಿಹೋಗುತ್ತದೆ, ಮೇಲೆ ಹೋಗಿ ಊರು ತೋರಿಸುತ್ತೇನೆ, ಲಾಂಡ್ರಿಯ ಹಂಚು ತೋರಿಸುತ್ತೇನೆ ಎಂದು ಅಷ್ಟರಲ್ಲೇ ಮನಸ್ಸಿನಲ್ಲಿ ಹಾರಿಬಿಟ್ಟಿದ್ದ.

"ಇಲ್ಲ ಸ್ವಾಮಿ, ಇವನ ಜೊತೆ ನಾನು ಹತ್ತಲ್ಲ," ಎಂದಳು ಅಕ್ಕ. "ತೂಕ ಹೇಳಿ ಹೋಗೋಣ ಅಂತ ಬಂದೆ ಅಷ್ಟೆ. ಮೇಜುಬಟ್ಟೆ ಮಂಗಳವಾರ ಕಳಿಸ್ತೀನಿ."

ಅವಳು ಕಾರಿನತ್ತ ನಡೆದಳು. ಭಾವ ಅಭ್ಯಾಸದಂತೆ ಹಿಂದಿನ ಬಾಗಿಲು ತೆಗೆದು ನಿಂತಿದ್ದರು. ಅಕ್ಕ ಅದನ್ನು ದೂಡಿ ಮುಚ್ಚಿ, ಮುಂದಿನ ಸೀಟಿನಲ್ಲಿ ಕೂತು, ಬಾಗಿಲನ್ನು ಧಡ್ ಎಂದು ಎಳೆದುಕೊಂಡಳು. ಕಾರು ಒಂದು ಕಡೆಗೆ ಸ್ವಲ್ಪ ವಾಲಿತು. ಕ್ಯಾಪ್ಟನ್ ಅದು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ.